ಏಳನೆಯ ಪ್ರಶ್ನೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ದಾಟಿ ಎಡಕ್ಕೆ,
ಚಿಟ್ಟೆಯಾಗದೆ ಬೆಂದ ಹುಳದ ವಾಸನೆ ಹಿಡಿದು ಹೋದರೆ
ಹತ್ತು ಬಾಣಲೆಯ ಒಂದು ಫಿಲೇಚರು.
ಅಲ್ಲಿಗೆ ನಾನು ಒಯ್ದದ್ದು
ಇಪ್ಪತ್ತೊಂದು ಪ್ರಶ್ನೆ, ಐದು ಕಾಲಮ್ಮು,
ದಾರ ಕಟ್ಟಿದ ಒಂದು ಪೆನ್ನು.

ಏಳನೆಯದು ಹೀಗಿತ್ತು:
'ಕಳೆದ ಎರಡು ವಾರಗಳಲ್ಲಿ
ಖಿನ್ನತೆಯ ಭಾವನೆ ತಮ್ಮನ್ನು ಎಷ್ಟು ಬಾರಿ ಕಾಡಿದೆ?'
ಇಂಗ್ಲಿಷಿನಿಂದ ಇಳಿಸಿದವರು ಯಾರೋ, ಪಾಪ,
ನಿಘಂಟು ನೋಡಿಯೇ ಇಳಿಸಿದ್ದರು.
ಚಿಂತಾಮಣಿಯ ನಮ್ಮ ಮನೆಯಲ್ಲಿ
ಆ ಪದ ಯಾರ ಬಾಯಿಂದಲೂ ಬಿದ್ದದ್ದಿಲ್ಲ.
ಅಮ್ಮ ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದಾಗ
'ತಲನೊಪ್ಪಿ' ಅಂದಳು, ಮನೆಯ ತೆಲುಗಿನಲ್ಲಿ.
ನಾವು ಅಮೃತಾಂಜನ ತಂದೆವು.
ವಾಸಿಯಾಯಿತು ಕೂಡ. ಅದನ್ನು ಯಾವ ಲೆಕ್ಕಕ್ಕೆ ಬರೆಯಲಿ?

ಗಂಗುಲಮ್ಮ ತಲೆಯೆತ್ತಲಿಲ್ಲ.
'ಕಿನ್ನತೆ ಅಂದ್ರೆ?'
ಮನಸ್ಸಿಗೆ ಬೇಜಾರು, ಅಂದೆ.
'ಬೇಜಾರಲ್ಲಮ್ಮ. ಬೇಜಾರು ಭಾನುವಾರ ಆಗ್ತೈತೆ.'
ದುಃಖವಾ?
'ಈಗ್ಯಾರು ಸತ್ತವ್ರೆ?'
ಸಂಕಟ?
'ಅದು ಇಲ್ಲಿ.' ಒದ್ದೆ ಕೈ ಹೊಟ್ಟೆ ಮುಟ್ಟಿತು.
'ಇದು ಇನ್ನೂ ಮೇಲೆ.'
ಎದೆಯಿಂದ ಗಂಟಲವರೆಗೆ ಬೆರಳು ಜಾಗ ಹುಡುಕಿ
ಎಲ್ಲೂ ನಿಲ್ಲದೆ ಬಾಣಲೆಗೇ ಮರಳಿತು.
'ಒಂಥರಾ ಆಗ್ತೈತೆ. ಅಷ್ಟೇ.'

ಪಕ್ಕದ ಬಾಣಲೆಯ ಮೆಹರಾಜ್ ಬಿ ನಕ್ಕಳು:
'ಮೇರೆಕು ಭೀ. ದಿಲ್ ಕೈಸಾಕಿ ಹೋತಾ.'
ಮೂಲೆಯಿಂದ ಇನ್ನೊಬ್ಬಳು: 'ಎಟ್ಲೋ ಉಂಟಾದಿ.'
ಮೂರು ಭಾಷೆ ಒಂದೇ ನೀರಿಗೆ ಕೈ ಅದ್ದಿ
ಒಂದೇ ಕಡೆ ಬಂದು ಬರಿಗೈಲಿ ನಿಂತವು.
ಬರಿಗೈಯೋ? ನನಗೇ ಅನುಮಾನ.
ಯಾವ ಥರವೆಂದು ಹೇಳದೆ
ಥರ ಇದೆಯೆಂದು ಮಾತ್ರ ಹೇಳುವ ಪದವನ್ನು
ಯಾವ ಜಾಣೆ ಕಟ್ಟಿದಳೋ.

ಮೇಡಂಗೆ ಫೋನು ಮಾಡಿದೆ.
'ಒಂಥರಾ ಅಂದ್ರೆ ಆತಂಕವಾ, ಖಿನ್ನತೆಯಾ?
ಒಂದಕ್ಕೆ ಹಾಕಿ ಪದ್ಮಾವತಿ. ಖಾಲಿ ಬಿಡಬೇಡಿ.'
ಖಾಲಿ ಬಿಡಲಿಲ್ಲ.
ಮೂರನೇ ಕಾಲಮ್ಮು: 'ಆಗಾಗ್ಗೆ'.

ಮೆಹರಾಜ್ ಬಿ ಅಷ್ಟರಲ್ಲಿ ಗೂಡುಗಳನ್ನು ಕೆದಕಿ
ನನಗೆ ಕಾಣದ ಒಂದು ತುದಿ ಹಿಡಿದಿದ್ದಳು.
ತುದಿ ಸಿಕ್ಕರೆ ಸಾಕು, ಉಳಿದದ್ದು ತಾನೇ ಬರುತ್ತದೆ,
ಹೊಳೆಯುತ್ತ, ರಾಟೆಗೆ, ತೂಕಕ್ಕೆ, ದರಕ್ಕೆ.
ಬೆತ್ತಲೆ ಹುಳ ತಳದಲ್ಲಿ ಉಳಿಯುತ್ತದೆ.
ಅದನ್ನೂ ಸಂಜೆ ಯಾರೋ ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ,
ಮೀನಿಗೆ.

ಎರಡನೇ ಸುತ್ತಿಗೆ ಹೋದದ್ದು ನಾಲ್ಕು ತಿಂಗಳ ಮೇಲೆ.
ಗಂಗುಲಮ್ಮ ದೂರದಿಂದಲೇ ಕೂಗಿದಳು,
ಹೊಸ ಮೂಗುತಿ ತೋರಿಸುವ ಹಾಗೆ:
'ನಂಗೆ ಕಿನ್ನತೆ ಐತಮ್ಮ!'
ಗಂಡನಿಗೂ ಹೇಳಿದ್ದಾಳಂತೆ, ಓನರಿಗೂ.
'ಇಷ್ಟ್ ದಿನ ಸುಸ್ತು ಅಂತಿದ್ದೆ. ಸುಸ್ತಿಗೆ ರಜಾ ಕೊಡಲ್ಲ.
ಕಿನ್ನತೆಗೆ ಕೊಡ್ತಾರಾ, ಕೇಳಿ.'
ಕೇಳಿದೆ. ಕೊಡಲ್ಲ.

ಇದ್ದದ್ದಕ್ಕೆ ಹೆಸರಿಟ್ಟೆನೋ,
ಹೆಸರಿಟ್ಟು ಇರುವಂತೆ ಮಾಡಿದೆನೋ?
'ಮೊದ್ಲು ಹಗಲೊತ್ತು ಮಾತ್ರ ಬರ್ತಿತ್ತು,' ಎಂದಳು,
'ಹೆಸರು ಗೊತ್ತಾದ್ ಮ್ಯಾಲೆ ರಾತ್ರಿನೂ ಬರ್ತೈತೆ.
ಆದ್ರೆ ಹೆದರಿಕೆ ಇಲ್ಲ.
ಗುರುತಿನೋರು ಬಂದಂಗೆ.'
ಫಾರಮ್ಮಿನಲ್ಲಿ ಹುಡುಕಿದೆ. ಇದಕ್ಕೆ ಕಾಲಮ್ಮು ಇರಲಿಲ್ಲ.

ಆ ರಾತ್ರಿ ಒಗ್ಗರಣೆಯ ಮುಂದೆ ನಿಂತಿದ್ದ ಅಮ್ಮನನ್ನು ಕೇಳಿದೆ,
ಆವತ್ತು, ಗೋಡೆ ಕಡೆ ತಿರುಗಿ ಮಲಗಿದ್ದೆಯಲ್ಲ, ಆ ಮೂರು ದಿನ.
ಸೌಟು ನಿಂತಿತು. ಸಾಸಿವೆ ಸಿಡಿದು ಮುಗಿಯಿತು, ಸೀಯಿತು.
'ತಲ ಕಾದು,' ಅಂದಳು. ತಲೆ ಅಲ್ಲ.
ಮುಂದೆ ಏನೂ ಹೇಳಲಿಲ್ಲ.
ನಾಲಿಗೆ ತುದಿಗೆ ಬಂದಿದ್ದ ಪದವನ್ನು
ನಾನೂ ಕೊಡಲಿಲ್ಲ.
ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಇಬ್ಬರೂ ಉಂಡೆವು.